ಆಮೆಯ ಎಡಗಣ್ಣು

ಕಡಲು ದಡಕ್ಕೆ ಕಕ್ಕಿದ ಪ್ಲಾಸ್ಟಿಕ್ಕನ್ನೆಲ್ಲ ಆಯ್ದು ಶಿಲ್ಪಿ ವಾಮನಣ್ಣ ಆನೆಗಾತ್ರದ ಆಮೆಯೊಂದನ್ನು ಕಟ್ಟಿ ನಿಲ್ಲಿಸಿದ. ಉದ್ಘಾಟನೆಯ ದಿನ ಆಮೆಗೆ ಹಿಗ್ಗೋ ಹಿಗ್ಗು. ಭಾಷಣ ಶುರುವಾಗುತ್ತಿದ್ದಂತೆ ಅದರ ಎಡಗಣ್ಣು ಮಿಸುಕಾಡಿತು.

"ಯಾರಯ್ಯಾ ನನ್ನ ಕಣ್ಣಿನೊಳಗೆ?" ಎಂದಿತು ಆಮೆ.

"ಇದು ನಿನ್ನ ಕಣ್ಣಲ್ಲ, ನನ್ನ ಮನೆ," ಎಂದಿತು ಪುಟ್ಟ ಏಡಿ. "ಹೊಕ್ಕಿರಲು ಶಂಖ ಸಿಗದೆ ಈ ಬಾಟಲಿ ಮುಚ್ಚಳದಲ್ಲಿ ಸಂಸಾರ ಹೂಡಿದ್ದೆ. ನಿನ್ನ ಶಿಲ್ಪಿ ಮನೆಸಮೇತ ಎತ್ತಿ ಇಲ್ಲಿ ಸಿಕ್ಕಿಸಿದ. ನಾನು ಹೊರಟೆ."

"ನಿಲ್ಲು! ಕಡಲಿನ ಸಂಕಟವನ್ನು ಜನಕ್ಕೆ ತೋರಿಸಲೆಂದೇ ನಾನು ಹುಟ್ಟಿದ್ದು. ಒಂಟಿಗಣ್ಣಾದರೆ ನನ್ನ ಮರ್ಯಾದೆ ಏನಾಗಬೇಕು?"

"ಧಾರಾಳವಾಗಿ ತೋರಿಸು. ನನಗೆ ನನ್ನ ಮನೆ ಬೇಕು," ಎಂದು ಏಡಿ ಮುಚ್ಚಳ ಹೊತ್ತು, ಆಮೆಯ ಮೂಗಿನ ಮೇಲಿಂದ ಜಾರಿ ಮರಳಿಗೆ ಬಿತ್ತು.

"ಅಯ್ಯಯ್ಯೋ, ಕಣ್ಣು ಓಡ್ತಾ ಇದೆ!" ಎಂದು ವಾಮನಣ್ಣ ಕೂಗಿದ. ಮೈಕು, ಹಾರ, ಕುರ್ಚಿ ಎಲ್ಲ ಬಿಟ್ಟು ಸಭೆಗೆ ಸಭೆಯೇ ಮುಚ್ಚಳದ ಹಿಂದೆ ಓಡಿತು. ಏಡಿ ನೀರಿಗಿಳಿಯಿತು. ಅಲ್ಲಿ ಅಲೆಯಲೆಗೂ ತೇಲಿ ಬರುತ್ತಿದ್ದ ಮುಚ್ಚಳಗಳನ್ನು ಕಂಡು ಜನ ಅಲ್ಲೇ ನಿಂತುಬಿಟ್ಟರು.

ಆಮೆ ಉಳಿದ ಒಂದೇ ಕಣ್ಣಿನಿಂದ ನೋಡಿತು. ಬೆಳಗಿನಿಂದ ತನ್ನನ್ನೇ ನೋಡುತ್ತಿದ್ದವರೆಲ್ಲ ಈಗ ತನಗೆ ಬೆನ್ನು ಹಾಕಿ ಕಡಲನ್ನು ನೋಡುತ್ತಿದ್ದರು. ಅದಕ್ಕೆ ಖುಷಿ ತಡೆಯಲಾಗಲಿಲ್ಲ.

"ಬಲಗಣ್ಣಿನಲ್ಲಿ ಯಾರಾದರೂ ಇದ್ದೀರೇನಪ್ಪಾ?" ಎಂದು ಕೂಗಿತು. "ಇದ್ದರೆ ಬೇಗ ಹೊರಡಿ!"