ಹಿಂದೆ ತಿರುಗಿ ನೋಡುವ ಮೊಲ

ಎಲ್ಲಿ ಮಕ್ಕಳೇ, ಸ್ವಲ್ಪ ಊಹಿಸಿ ನೋಡೋಣ. ಒಂದು ಮೊಲ ಹುಣಸೆ ಮರ ಹತ್ತಿ, ತುದಿಯಲ್ಲಿದ್ದ ಕೊಕ್ಕರೆ ಗೂಡನ್ನು ಕೆಡವಿತು ಅಂತ ಒಂದು ಇಡೀ ಕಾಲೇಜು ನಂಬಿತು. ಅಧ್ಯಾಪಕರೂ ನಂಬಿದರು, ಪ್ರಿನ್ಸಿಪಾಲರೂ ನಂಬಿದರು. ಹೇಗೆ ನಂಬಿದರು? ಗೊತ್ತಾಗಲಿಲ್ಲವೇ? ಹಾಗಾದರೆ ಕೇಳಿ.

ಕೆರೆದಂಡೆ ಕಾಡಿನಲ್ಲಿ ಪ್ರಾಣಿಗಳದೇ ಒಂದು ಕಾಲೇಜಿತ್ತು. ಪ್ರಿನ್ಸಿಪಾಲರು ಆಮೆ. ಅವರು ಸೋಮವಾರ ಮನೆ ಬಿಟ್ಟರೆ ಬುಧವಾರ ತರಗತಿಗೆ ತಲುಪುತ್ತಿದ್ದರು. ಪಾಠ ಹೇಗೆ ನಡೆಯುತ್ತಿತ್ತು ಎಂದು ಕೇಳಬೇಡಿ. ಆ ಕಾಲೇಜಿಗೆ ಹೆಸರು ಬಂದದ್ದು ಪಾಠದಿಂದಲ್ಲ, ಕಾಯಾಟದಿಂದ.

ಕಾಯಾಟ ಅಂದರೆ ಇಷ್ಟೆ. ಹುತ್ತದ ಪಕ್ಕ ನಿಂತ ಒಬ್ಬ ಬೇಲದ ಕಾಯಿ ಎಸೆಯಬೇಕು. ಎದುರಾಳಿ ನರಿಗಳು ಮೈಮೇಲೆ ಬೀಳುವುದರೊಳಗೆ ಎಸೆದುಬಿಡಬೇಕು. ಹಿಡಿಯುವವನು ಆಲದ ಮರದ ಕಡೆಗೆ ಓಡಬೇಕು, ಆದರೆ ಹಿಂದೆ ತಿರುಗಿ ನೋಡಬಾರದು. ಏಳು ಹೆಜ್ಜೆ ಎಣಿಸಿ ಕೈ ಚಾಚಿದರೆ ಕಾಯಿ ತಾನಾಗಿ ಬಂದು ಕೈಗೆ ಕೂರಬೇಕು. ತಿರುಗಿ ನೋಡಿದರೆ ಓಟ ಕೆಡುತ್ತದೆ, ಕಾಯಿ ಮುಂದೆ ಹೋಗುತ್ತದೆ.

ಎಸೆಯುವವನು ದಂಡಪಾಣಿ ಎಂಬ ಮುಸುವ. ಕಪ್ಪು ಮುಖ, ಉದ್ದ ಬಾಲ, ಅದಕ್ಕಿಂತ ಉದ್ದ ಕೈ. ಹಿಡಿಯುವವನು ಪುಟ್ಟಸ್ವಾಮಿ ಎಂಬ ಮೊಲ. ಮೂರು ವರ್ಷದಲ್ಲಿ ಇವರಿಬ್ಬರ ನಡುವೆ ಒಂದು ಕಾಯಿಯೂ ನೆಲಕ್ಕೆ ಬಿದ್ದಿರಲಿಲ್ಲ. ಪದವಿ ಮುಗಿದ ಕೂಡಲೇ ದಂಡಪಾಣಿಯನ್ನು ಹಿರೇಕಾಡಿನ ದೊಡ್ಡ ತಂಡ ಕರೆಯುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಆ ತಂಡ ಸೇರಿದವರಿಗೆ ತಲೆಗೊಂದು ಹಲಸಿನ ಮರ, ಅದೂ ಜೀವನಪೂರ್ತಿ. ದಂಡಪಾಣಿ ಆಗಲೇ ಕನಸಿನಲ್ಲಿ ತೊಳೆ ಬಿಡಿಸುತ್ತಿದ್ದ.

ಒಂದು ಮಧ್ಯಾಹ್ನ ಅವನಿಗೆ ಕೈ ತುರಿಸಿತು. ಕೆರೆ ಏರಿಯ ಮೇಲೆ ನಿಂತು, ಹುಣಸೆ ಮರದ ತುದಿಯಲ್ಲಿದ್ದ ಕೊಕ್ಕರೆ ಸಾಕಮ್ಮನ ಗೂಡಿಗೆ ಗುರಿಯಿಟ್ಟು ಬೇಲದ ಕಾಯಿ ಎಸೆದ. ಗುರಿ ತಪ್ಪಲಿಲ್ಲ, ತಪ್ಪಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಇನ್ನೇನು ಮೊಟ್ಟೆಯಿಡಬೇಕೆಂದು ತಿಂಗಳಿಡೀ ಹೆಣೆದ ಗೂಡು ಕಡ್ಡಿ ಕಡ್ಡಿಯಾಗಿ ನೀರಿಗೆ ಬಿತ್ತು.

ಯಾರು ಕೆಡವಿದ್ದು ಎಂದು ಪ್ರಿನ್ಸಿಪಾಲರು ಕೇಳಿದಾಗ ದಂಡಪಾಣಿಯ ಬಾಯಿಗೆ ಮೊದಲು ಬಂದ ಹೆಸರು ಪುಟ್ಟಸ್ವಾಮಿಯದು. ಮೊಲ ಮರ ಹತ್ತೀತೇ ಎಂದು ಯಾರೋ ಗೊಣಗಿದರು. ಆದರೆ ಮುಂದಿನ ವಾರ ಅಂತರ್ ಕಾಡು ಪಂದ್ಯಾವಳಿ. ಎಸೆಯುವವನನ್ನು ಹೊರಗಿಟ್ಟರೆ ಗೆಲ್ಲುವ ಕಪ್ ಕೈತಪ್ಪುತ್ತದೆ. ಹಿಡಿಯಲು ಅಳಿಲೂ ಆದೀತು. ಹಾಗಾಗಿ ವಿಚಾರಣಾ ಸಮಿತಿ ಮೂರು ದಿನ ಕುಳಿತು, ‘ಮೊಲ ಮನಸ್ಸು ಮಾಡಿದರೆ ಹತ್ತಬಹುದು’ ಎಂದು ಬರೆದು ಸಹಿ ಹಾಕಿತು. ಪುಟ್ಟಸ್ವಾಮಿ ಒಂದು ತಿಂಗಳು ಮೈದಾನದ ಬೇಲಿಯಾಚೆ ಕುಳಿತು ಹುಲ್ಲು ಕಡಿದ.

ಪಂದ್ಯ ಗೆದ್ದು ಕಪ್ ಬಂತು. ಆ ತಿಂಗಳ ಕೊನೆಗೆ, ತವರಿಗೆ ಹೋಗಿದ್ದ ಟಿಟ್ಟಿಭ ಹಕ್ಕಿಯೂ ಬಂತು. ಆ ಮಧ್ಯಾಹ್ನ ಏರಿಯ ಮೇಲೆ ನಡೆದದ್ದನ್ನೆಲ್ಲ ಕಣ್ಣಾರೆ ಕಂಡದ್ದು ಅದೊಂದೇ. ಟಿಟ್ಟಿಭದ ಗಂಟಲು ಗೊತ್ತಲ್ಲ? ಸಂಜೆಯೊಳಗೆ ಏಳು ಗುಡ್ಡಕ್ಕೂ ಸುದ್ದಿ ಮುಟ್ಟಿತು. ಸಮಿತಿಯವರು ಮುಖ ಮುಚ್ಚಿಕೊಂಡು, ಪುಟ್ಟಸ್ವಾಮಿಯನ್ನು ತಂಡಕ್ಕೆ ಮರಳಿ ಸೇರಿಸಿದರು.

ಹೋಗಿ ತಪ್ಪಾಯಿತು ಅನ್ನಪ್ಪ ಎಂದು ಎಲ್ಲರೂ ದಂಡಪಾಣಿಗೆ ಬುದ್ಧಿ ಹೇಳಿದರು. ಅವನು ತಾನಾಗಿ ಹೋಗಲಿಲ್ಲ. ಬದಲಿಗೆ ಒಂದು ಗಿಳಿಯನ್ನು ಗೊತ್ತುಮಾಡಿದ. ಗಿಳಿ ಕೊಂಬೆಯಿಂದ ಕೊಂಬೆಗೆ ಹಾರಿ, “ಯಾರಿಗಾದರೂ ನೋವಾಗಿದ್ದಲ್ಲಿ, ಆಗಿದ್ದಲ್ಲಿ ಮಾತ್ರ, ವಿಷಾದವಿದೆ” ಎಂದು ಒಪ್ಪಿಸಿ ಬಂತು. ಸಾಕಮ್ಮ ಅದನ್ನು ಕೇಳಿ, ಆಗಿದ್ದಲ್ಲಿ ಅಂದರೆ ಏನರ್ಥ, ನಾನು ಈಗ ಕಲ್ಲಿನ ಮೇಲೆ ಮಲಗುತ್ತಿರುವುದು ಶೋಕಿಗೋ ಎಂದು ಕೇಳಿದಳು. ಗಿಳಿಗೆ ಅಷ್ಟು ದೂರದ ಪಾಠ ಆಗಿರಲಿಲ್ಲ.

ಕೊನೆಗೆ ಹಿರೇಕಾಡಿನ ಆಯ್ಕೆಗಾರರು ಬಂದರು. ಅವರು ಕಾಟಿ ರಾಯರು, ಅಂದರೆ ಕಾಡುಕೋಣ. ಹೆಚ್ಚು ಮಾತಿಲ್ಲ, ಸದಾ ಮೆಲುಕು. ಮೂರು ಎಸೆತ ನೋಡುತ್ತೇನೆ ಎಂದರು. ಕಾಲೇಜೆಲ್ಲ ಏರಿಯ ಮೇಲೆ ಸೇರಿತು.

ಮೊದಲ ಎಸೆತ. ಪುಟ್ಟಸ್ವಾಮಿ ನಾಲ್ಕು ಹೆಜ್ಜೆ ಓಡಿ ಕತ್ತು ತಿರುಗಿಸಿದ. ಕಾಯಿ ಅವನನ್ನು ದಾಟಿ ಪ್ರಿನ್ಸಿಪಾಲರ ಚಿಪ್ಪಿಗೆ ಠಣ್ ಎಂದು ಬಡಿಯಿತು. ಎರಡನೆಯದಕ್ಕೆ ಎರಡು ಸಲ ತಿರುಗಿದ. ಕಾಯಿ ಆಲದ ಬುಡಕ್ಕೆ ಹೋಯಿತು, ಅವನು ಕೆರೆಗೆ ಹೋದ.

ಕಾಟಿ ರಾಯರು ಮೆಲುಕು ನಿಲ್ಲಿಸಿ, ಯಾಕಪ್ಪ ತಿರುಗುತ್ತೀಯ ಎಂದು ವಿಚಾರಿಸಿದರು.

ಪುಟ್ಟಸ್ವಾಮಿ ಕಿವಿಯಿಂದ ನೀರು ಕೊಡವಿದ. “ರಾಯರೇ, ನಾನು ತಿರುಗಬಾರದು ಅಂತಲೇ ಓಡುತ್ತೇನೆ. ಆದರೆ ನನ್ನ ಬೆನ್ನ ಹಿಂದೆ ಇವನು ಏನು ಮಾಡುತ್ತಾನೆ ಅಂತ ಒಂದು ಸಲ ನೋಡಿದ್ದೇನಲ್ಲ, ಕುತ್ತಿಗೆ ಈಗ ನನ್ನ ಮಾತು ಕೇಳುವುದಿಲ್ಲ.”

ದಂಡಪಾಣಿ ತನ್ನ ಉದ್ದನೆಯ ಕೈ ನೋಡಿಕೊಂಡ. ಗುರಿಯಲ್ಲಿ ಕೂದಲೆಳೆಯಷ್ಟೂ ದೋಷವಿಲ್ಲ. ಆದರೂ ಹಲಸಿನ ಮರ ಕಣ್ಣೆದುರೇ ದೂರ ಸರಿಯುತ್ತಿದೆ. ಉಳಿದಿರುವುದು ಒಂದೇ ಎಸೆತ. ಗಿಳಿ ಹೆಗಲ ಮೇಲೆ ಬಂದು ಕುಳಿತು “ಯಾರಿಗಾದರೂ ನೋವಾಗಿ” ಎಂದು ಶುರುಮಾಡಿತು. ಅವನು ಎರಡು ಬೆರಳಲ್ಲಿ ಅದರ ಕೊಕ್ಕು ಹಿಡಿದು ಮುಚ್ಚಿದ.

“ಸಾಕಮ್ಮನೋರೇ,” ಎಂದ, ನೆಲ ನೋಡುತ್ತ. “ಗೂಡು ಕೆಡವಿದ್ದು ನಾನು. ಪುಟ್ಟಸ್ವಾಮಿ ಹೆಸರು ಹೇಳಿದ್ದೂ ನಾನೇ. ಮರ ಹತ್ತಲಾರದವನ ಮೇಲೆ ಮರದ ಮೇಲಿನ ತಪ್ಪು ಹೊರಿಸಿದೆ.”

ಸಾಕಮ್ಮ ಒಂದು ಕಾಲಿಂದ ಇನ್ನೊಂದು ಕಾಲಿಗೆ ಬದಲಾಯಿಸಿ ನಿಂತಳು.

“ನೂರಿಪ್ಪತ್ತು ಕಡ್ಡಿ ಬೇಕು,” ಎಂದಳು. “ಮುಳ್ಳಿಲ್ಲದ್ದು.”

ಪುಟ್ಟಸ್ವಾಮಿ ಹುತ್ತದ ಪಕ್ಕ ಬಂದು ಓಡಲು ನಿಂತ. ಓಡಿದ. ಒಂದು, ಎರಡು, ಮೂರು. ನಾಲ್ಕನೆಯ ಹೆಜ್ಜೆಗೆ ಅವನ ಎರಡೂ ಕಿವಿಗಳು ಹಿಂದಕ್ಕೆ ತಿರುಗಿದವು, ಕುತ್ತಿಗೆ ತಿರುಗಲಿಲ್ಲ. ಐದು, ಆರು, ಏಳು. ಕೈ ಚಾಚಿದ. ಕಾಯಿ ಬಂದು ಕೂತಿತು.

ಕಾಟಿ ರಾಯರು ಎದ್ದು ಮೈ ಕೊಡವಿಕೊಂಡರು.

“ಮೊಲ ನನ್ನ ಜೊತೆ ಬರಲಿ,” ಎಂದರು.

“ರಾಯರೇ, ನಾನು?” ದಂಡಪಾಣಿ ಕೇಳಿದ.

“ಕೈ ಹಣ್ಣಾಗಿದೆ, ನೀನು ಇನ್ನೂ ಕಾಯಿ. ಗೂಡು ಕಟ್ಟಿಕೊಡು. ಸಾಕಮ್ಮನ ಮರಿಗಳು ಹಾರಿದ ಮೇಲೆ ಬಂದು ನೋಡುತ್ತೇನೆ.”

ದಂಡಪಾಣಿ ಆಗಲೇ ಬಗ್ಗಿ ಒಂದು ಕಡ್ಡಿ ಎತ್ತಿಕೊಂಡ. ಮುಳ್ಳಿತ್ತು, ಬಿಸಾಡಿ ಇನ್ನೊಂದು ಎತ್ತಿದ. ಹೊರಟಿದ್ದ ಪುಟ್ಟಸ್ವಾಮಿ ಆಲದ ಮರದ ಹತ್ತಿರ ನಿಂತು ಕೂಗಿ ಹೇಳಿದ:

“ಬರುವ ವರ್ಷ ಬಾರೋ ದಂಡಪಾಣಿ. ಅಲ್ಲೂ ನಾನೇ ಹಿಡಿಯುತ್ತೇನೆ. ಕತ್ತು ತಿರುಗಿಸುವುದಿಲ್ಲ. ಕಿವಿ ವಿಷಯ ಮಾತ್ರ ಈಗಲೇ ಮಾತು ಕೊಡಲಾರೆ.”

ಪ್ರಿನ್ಸಿಪಾಲರು ಹೊತ್ತಿಗೆ ಮುಂಚೆ ಬಂದು ಕುಳಿತಿದ್ದ ಏಕೈಕ ದಿನವಾದ್ದರಿಂದ ಆ ಕಾಡಿನಲ್ಲಿ ಯಾರೂ ಅದನ್ನು ಮರೆತಿಲ್ಲ: ಇದೆಲ್ಲ ನಡೆದದ್ದು ಫಾಲ್ಗುಣ ಶುದ್ಧ ದಶಮಿ, ಗುರುವಾರ.

ನೀತಿ: ಕೈಯಲ್ಲಿ ಎಷ್ಟೇ ಚಳಕವಿದ್ದರೂ ಜೊತೆಗಾರರ ನಂಬಿಕೆಯಿಲ್ಲದೆ ಅದು ಗುರಿ ಮುಟ್ಟದು, ಕಳೆದ ನಂಬಿಕೆಯನ್ನು ಮರಳಿ ಪಡೆಯಲು ತಪ್ಪನ್ನು ನಮ್ಮ ಬಾಯಿಂದಲೇ ಒಪ್ಪಬೇಕು, ನಮ್ಮ ಕೈಯಿಂದಲೇ ಸರಿಪಡಿಸಬೇಕು.