ಕೆನ್ನೆಯ ಮೇಲಿನ ಬೆಳಕು

"ಗುರುಗಳೇ, ನನಗೆ ಹಿಡಿಸಿದ್ದು ಇನ್ನೊಬ್ಬರಿಗೂ ಹಿಡಿಸಬೇಕಾದರೆ ನಾನು ಏನು ಮಾಡಬೇಕು?"

ಚಿತ್ರಶಾಲೆಯ ಜಗಲಿಯ ಮೇಲೆ ಕುಳಿತಿದ್ದ ಕಲ್ಮೇಶ್ವರ ಗುರುಗಳನ್ನು ಶಿಷ್ಯ ಇಂದುಧರ ಹೀಗೆ ಕೇಳಿದ. ಅವನು ಊರೂರಿಗೆ ಹೋಗಿ ಹಳೆಯ ಚಿತ್ರಗಳ ಬಗ್ಗೆ ಉಪನ್ಯಾಸ ಕೊಡುತ್ತಿದ್ದ. ಅವನ ಮಾತು ಕೇಳಲು ಜನ ಸೇರುತ್ತಿದ್ದರು.

"ನಾನು ಒಂದು ಚಿತ್ರದ ಬಗ್ಗೆ ಮಾತಾಡಿದರೆ ಜನ ಬಂದು ಕೈ ಕುಲುಕುತ್ತಾರೆ. ಎಷ್ಟು ಚೆನ್ನಾಗಿ ಮಾತಾಡಿದಿರಿ ಎನ್ನುತ್ತಾರೆ. ಆದರೆ ಆ ಚಿತ್ರ ನೋಡಲು ಒಬ್ಬರೂ ಹೋಗುವುದಿಲ್ಲ. ನನ್ನ ಮಾತಿನಲ್ಲಿ ಏನು ಕೊರತೆ?"

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪೋಸ್ಟರ್‌ಗಾರನಿದ್ದ. ನಾಟಕಕ್ಕೆ, ಸರ್ಕಸ್ಸಿಗೆ, ಸಂಗೀತ ಕಚೇರಿಗೆ, ಯಾವುದಕ್ಕೇ ಆಗಲಿ ಅವನೇ ಪೋಸ್ಟರ್ ಮಾಡಬೇಕು. ಅವನ ಕೈಯಲ್ಲಿ ಚೆಲುವಿತ್ತು. ಅದು ಅವನಿಗೂ ಗೊತ್ತಿತ್ತು.

ಅದೇ ಊರಿನಲ್ಲಿ ಒಂದು ಕಲಾಭವನವಿತ್ತು. ಅದರ ಮುಖ್ಯಸ್ಥೆ ವರ್ಷಗಟ್ಟಲೆ ಓಡಾಡಿ, ಅವರಿವರನ್ನು ಒಪ್ಪಿಸಿ, ಇಟಲಿಯಿಂದ ಕೆಲವು ಚಿತ್ರಗಳನ್ನು ತರಿಸಿದಳು. ಅವು ಪುನರುಜ್ಜೀವನ ಕಾಲದ ಚಿತ್ರಗಳು. ಆ ಕಾಲದ ಚಿತ್ರಕಾರರು ಗ್ರೀಕರ ಮತ್ತು ರೋಮನರ ಪುರಾಣಗಳನ್ನು ಮತ್ತೆ ಕೈಗೆತ್ತಿಕೊಂಡರು. ಮರೆತುಹೋಗಿದ್ದ ದೇವರುಗಳಿಗೆ ರಕ್ತಮಾಂಸ ಕೊಟ್ಟರು. ನೆರೆಮನೆಯವರಂತೆ ಅಳುವ, ನಗುವ, ಹಟ ಮಾಡುವ ದೇವರುಗಳನ್ನು ಬರೆದರು.

ಕಲಾಭವನದ ಸಮಿತಿಗೆ ಇದು ಬೇಡವಾಗಿತ್ತು. ಪರದೇಶದ ದೇವರುಗಳನ್ನು ನೋಡಲು ನಮ್ಮವರು ಯಾಕೆ ಬರುತ್ತಾರೆ ಎಂದು ಸಮಿತಿಯವರು ಕೇಳಿದರು. ಜನ ಬಾರದಿದ್ದರೆ ಚಿತ್ರಗಳನ್ನು ಅವಧಿಗೆ ಮೊದಲೇ ವಾಪಸು ಕಳಿಸಬೇಕು, ಮುಂದೆ ಇಂಥ ಪ್ರದರ್ಶನದ ಮಾತೆತ್ತಬಾರದು ಎಂದು ಮುಖ್ಯಸ್ಥೆಗೆ ಹೇಳಿದರು. ಅವಳು ಒಪ್ಪಬೇಕಾಯಿತು.

ಅವಳು ಪೋಸ್ಟರ್‌ಗಾರನನ್ನು ಕರೆಸಿದಳು. ಚಿತ್ರಗಳು ಇನ್ನೂ ಮರದ ಪೆಟ್ಟಿಗೆಗಳಲ್ಲಿದ್ದವು. ಅವುಗಳ ಫೋಟೋಗಳನ್ನು ಅವನ ಮುಂದಿಟ್ಟಳು.

"ಎಲ್ಲ ನಿಮ್ಮ ಕೈಯಲ್ಲಿದೆ" ಎಂದಳು.

"ಚಿಂತೆ ಬಿಡಿ ಮೇಡಂ. ದಾರಿಯಲ್ಲಿ ಹೋಗುವವರು ನಿಂತು ನೋಡಬೇಕು, ಅಂಥದ್ದು ಮಾಡಿಕೊಡುತ್ತೇನೆ" ಎಂದು ಅವನು ಹೇಳಿದ.

ಹೇಳಿದಂತೆಯೇ ಮಾಡಿದ. ಒಂದು ಫೋಟೋದಿಂದ ರೆಕ್ಕೆಯ ಕುದುರೆಯನ್ನು ತೆಗೆದುಕೊಂಡ. ಇನ್ನೊಂದರಿಂದ ಸಮುದ್ರದ ದೇವರನ್ನು, ಮತ್ತೊಂದರಿಂದ ಬೇಟೆಯ ದೇವತೆಯನ್ನು ತೆಗೆದುಕೊಂಡ. ಸತ್ತ ಹೆಂಡತಿಯನ್ನು ಕರೆತರಲು ಹೋದ ಗಾಯಕನದೊಂದು ಚಿತ್ರವಿತ್ತು. ಅದರಿಂದ ಅವನ ತಂತಿವಾದ್ಯವನ್ನಷ್ಟೇ ತೆಗೆದುಕೊಂಡ. ಎಲ್ಲವನ್ನೂ ಒಂದು ಸುಳಿಯಂತೆ ಜೋಡಿಸಿದ. ಸುತ್ತ ಬಂಗಾರದ ಬಣ್ಣದ ಬಳ್ಳಿ ಹರಿಸಿದ. ಅದರೊಳಗೆ ಅಕ್ಷರಗಳನ್ನು ಕೂರಿಸಿದ. ಅದು ನಿಜವಾಗಿಯೂ ಚೆಂದವಾಗಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಪೋಸ್ಟರನ್ನು ಊರೆಲ್ಲ ಅಂಟಿಸಿದರು. ಜನ ನಿಂತು ನೋಡಿದರು. ಹೋಟೆಲಿನವನು ಒಂದನ್ನು ಗೋಡೆಯಿಂದ ಬಿಡಿಸಿಕೊಂಡು ಹೋಗಿ ಚೌಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗುಹಾಕಿದ. ಕಾಲೇಜಿನ ಹುಡುಗಿಯರು ತಮ್ಮ ಕೋಣೆಗಳಿಗೆ ಒಯ್ದರು. ಬೀದಿಯಲ್ಲಿ ಸಿಕ್ಕವರೆಲ್ಲ ಪೋಸ್ಟರ್‌ಗಾರನ ಬೆನ್ನು ತಟ್ಟಿದರು. ಸಮಿತಿಯ ಹಿರಿಯರೂ ಫೋನು ಮಾಡಿ ಹೊಗಳಿದರು.

ಪ್ರದರ್ಶನ ಶುರುವಾಯಿತು. ಯಾರೂ ಬರಲಿಲ್ಲ.

ಒಂದು ವಾರ ಕಳೆದರೂ ಕಲಾಭವನದ ಮೆಟ್ಟಿಲು ಖಾಲಿಯಾಗಿತ್ತು. ಪೋಸ್ಟರ್‌ಗಾರನಿಗೆ ಇದು ಅರ್ಥವಾಗಲಿಲ್ಲ. ಅವನು ಹೋಟೆಲಿನವನನ್ನು ಕೇಳಿದ, "ನೀವು ಪ್ರದರ್ಶನಕ್ಕೆ ಹೋಗಲಿಲ್ಲವೇ?"

"ಇನ್ನು ಅಲ್ಲಿ ಹೋಗಿ ನೋಡುವುದೇನಿದೆ? ದಿನಾ ಇಲ್ಲೇ ನೋಡುತ್ತೇನಲ್ಲ" ಎಂದು ಹೋಟೆಲಿನವನು ಗಲ್ಲಾದ ಮೇಲಿನ ಪೋಸ್ಟರನ್ನು ತೋರಿಸಿದ. ಅವನು ಅದನ್ನು ಪ್ರೀತಿಯಿಂದಲೇ ಹೇಳಿದ.

ಪೋಸ್ಟರ್‌ಗಾರ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ನೇರ ಕಲಾಭವನಕ್ಕೆ ನಡೆದ. ಆವರೆಗೆ ಅವನೂ ಒಳಗೆ ಹೋಗಿರಲಿಲ್ಲ. ಫೋಟೋಗಳನ್ನು ನೋಡಿದ್ದೇ ಸಾಕೆಂದುಕೊಂಡಿದ್ದ.

ಒಳಗೆ ಕಾವಲುಗಾರ ಒಬ್ಬನೇ ಇದ್ದ. ಪೋಸ್ಟರ್‌ಗಾರ ರೆಕ್ಕೆಯ ಕುದುರೆಯನ್ನು ದಾಟಿದ. ಸಮುದ್ರದ ದೇವರನ್ನು ದಾಟಿದ. ಗಾಯಕನ ಚಿತ್ರದ ಮುಂದೆ ಬಂದು ನಿಂತ. ಮುಂದೆ ಹೋಗಲಾಗಲಿಲ್ಲ.

ಆ ಚಿತ್ರದ ಕತೆ ಸಣ್ಣದು. ಒಬ್ಬ ಗಾಯಕನ ಹೆಂಡತಿ ಸತ್ತಳು. ಅವನು ಸತ್ತವರ ಲೋಕಕ್ಕೇ ಹೋಗಿ ಹಾಡಿದ. ಆ ಲೋಕದ ದೊರೆ ಕರಗಿ, ಕರೆದುಕೊಂಡು ಹೋಗು, ಆದರೆ ಹೊರಗೆ ತಲುಪುವ ತನಕ ತಿರುಗಿ ನೋಡಬೇಡ ಎಂದ. ಅವನು ಮುಂದೆ ನಡೆದ, ಅವಳು ಹಿಂದೆ ಬಂದಳು. ಹೊರಗಿನ ಬೆಳಕು ಕಂಡಿತು. ಅವನು ತಿರುಗಿ ನೋಡಿದ. ಅವಳು ಮತ್ತೆ ಹೋದಳು.

ಚಿತ್ರಕಾರ ಆ ತಿರುಗಿದ ಕ್ಷಣವನ್ನು ಬರೆದಿದ್ದ. ಫೋಟೋದಲ್ಲಿ ಕಾಣದ್ದು ಈಗ ಪೋಸ್ಟರ್‌ಗಾರನಿಗೆ ಕಂಡಿತು. ಗುಹೆಯ ಬಾಯಿಂದ ಬಂದ ಬೆಳಕು ಗಾಯಕನ ಬೆನ್ನ ಮೇಲಿಂದ ಹಾದು ಹೆಂಡತಿಯ ಮುಖದ ಮೇಲೆ ಬಿದ್ದಿತ್ತು. ಗಾಯಕ ಬೆಳಕಿಗೆ ಬೆನ್ನು ಮಾಡಿದ್ದ. ಅವನ ಮುಖ ಕತ್ತಲಾಗಬೇಕಿತ್ತು. ಆದರೆ ಅವನ ಒಂದು ಕೆನ್ನೆ ಬೆಳಗುತ್ತಿತ್ತು. ಆ ಬೆಳಕು ಅವಳಿಂದ ಬಂದದ್ದು. ಅವಳ ಮುಖಕ್ಕೆ ಬಿದ್ದು, ಅಲ್ಲಿಂದ ಹೊರಳಿ ಅವನನ್ನು ಮುಟ್ಟಿದ್ದು.

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅಳುವೂ ಇರಲಿಲ್ಲ. ತನ್ನನ್ನು ನೋಡಿದವನನ್ನು ಅವಳೂ ನೋಡುತ್ತಿದ್ದಳು, ಅಷ್ಟೆ.

ಪೋಸ್ಟರ್‌ಗಾರ ಬಹಳ ಹೊತ್ತು ನಿಂತ. ಎಂಥ ಕೈ ಇದು ಎಂದುಕೊಂಡ. ಗಾಯಕನೇ ಕತೆಯ ನಾಯಕ, ಆದರೂ ಇವನು ಬೆಳಕನ್ನೆಲ್ಲ ಹೋಗುತ್ತಿರುವವಳಿಗೆ ಕೊಟ್ಟಿದ್ದಾನೆ. ಎಲ್ಲಿಯೂ ತನ್ನ ಜಾಣತನವನ್ನು ಮೆರೆಸಿಲ್ಲ. ಸತ್ತು ಐನೂರು ವರ್ಷವಾದವನು ಇವತ್ತು ನನ್ನನ್ನು ಇಲ್ಲಿ ಹಿಡಿದು ನಿಲ್ಲಿಸಿದ್ದಾನೆ. ಇಂಥದ್ದರಿಂದ ನಾನು ತೆಗೆದುಕೊಂಡದ್ದು ಒಂದು ತಂತಿವಾದ್ಯ! ಅವನಿಗೆ ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಸಂತೋಷವೇ ಹೆಚ್ಚಾಯಿತು. ಇಂಥದ್ದೊಂದು ಲೋಕದಲ್ಲಿದೆ, ತನ್ನ ಊರಿಗೆ ಬಂದಿದೆ ಎಂಬ ಸಂತೋಷ. ಯಾರಿಗಾದರೂ ಹೇಳಬೇಕೆನಿಸಿ ಸುತ್ತ ನೋಡಿದ. ಖಾಲಿ ಕೋಣೆ.

ಅವನು ಮುಖ್ಯಸ್ಥೆಯ ಕೋಣೆಗೆ ಹೋದ. ಅವಳ ಮೇಜಿನ ಮೇಲೆ ಸಮಿತಿಯಿಂದ ಬಂದ ಪತ್ರವಿತ್ತು. ಚಿತ್ರಗಳನ್ನು ಕಳಿಸುವ ಏರ್ಪಾಟು ಮಾಡಿ ಎಂದು ಅದರಲ್ಲಿ ಬರೆದಿದ್ದರು.

"ಮೇಡಂ, ನನ್ನ ಪೋಸ್ಟರ್ ಎಲ್ಲ ಕಡೆಯಿಂದ ತೆಗೆಸಿಬಿಡಿ. ಬೇರೆ ಮಾಡುತ್ತೇನೆ."

"ಯಾಕೆ? ಊರೆಲ್ಲ ಅದನ್ನೇ ಹೊಗಳುತ್ತಿದೆಯಲ್ಲ."

"ಅದಕ್ಕೇ ತೆಗೆಸಿ ಅಂದದ್ದು."

ಮುಖ್ಯಸ್ಥೆ ಅವನ ಮುಖ ನೋಡಿದಳು. ಸಮಿತಿಯವರನ್ನು ಕೇಳಿಕೊಂಡು ಸ್ವಲ್ಪ ಕಾಲ ಪಡೆದಳು.

ಅವನು ದಿನಾ ಬಂದು ಆ ಚಿತ್ರದ ಮುಂದೆ ಕುಳಿತು ಬರೆದ. ಮೊದಲ ಸಲ ಗಾಯಕನ ಸುತ್ತ ಎಲೆಗಳ ಅಂಚು ಬಂತು. ಅಂಚು ತುಂಬ ಚೆನ್ನಾಗಿತ್ತು. ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ ಎಂದು ಹರಿದುಹಾಕಿದ. ಮತ್ತೆ ಬರೆದ. ಈ ಸಲ ಗಾಯಕನ ಕಣ್ಣಲ್ಲಿ ಒಂದು ಹನಿ ನೀರು ಬಂತು. ಅದು ಅವನಿಗೆ ಬಹಳ ಹಿಡಿಸಿತು. ತಲೆ ಎತ್ತಿ ಚಿತ್ರ ನೋಡಿದ. ಅಲ್ಲಿ ಕಣ್ಣೀರಿರಲಿಲ್ಲ. ಕಣ್ಣೀರು ತನ್ನದು, ಚಿತ್ರಕಾರನದಲ್ಲ ಎಂದು ತಿಳಿಯಿತು. ಅದನ್ನು ಅಳಿಸುವಾಗ ಅವನ ಕೈ ಸ್ವಲ್ಪ ತಡೆಯಿತು. ಆದರೂ ಅಳಿಸಿದ.

ಕೊನೆಗೆ ಉಳಿದದ್ದು ಇಷ್ಟು: ಹಿಂದಕ್ಕೆ ತಿರುಗಿದ ಒಂದು ಮುಖ. ಒಂದು ಕೆನ್ನೆಯ ಮೇಲೆ ಬೆಳಕು. ಅವನು ನೋಡುತ್ತಿರುವ ಕಡೆ ಕಾಗದ ಮುಗಿದುಹೋಗುತ್ತದೆ. ಹೆಂಡತಿ ಅದರಲ್ಲಿಲ್ಲ. ಕೆಳಗೆ ಸಣ್ಣ, ನೇರ ಅಕ್ಷರಗಳಲ್ಲಿ ಪ್ರದರ್ಶನದ ವಿಷಯ, ಸ್ಥಳ ಮತ್ತು ವೇಳೆ.

ಸಮಿತಿಯವರು ಅದನ್ನು ನೋಡಿದರು.

"ಇದೇನಿದು? ಯಾರಿವನು? ಏನು ನೋಡುತ್ತಿದ್ದಾನೆ?" ಎಂದು ಹಿರಿಯರು ಕೇಳಿದರು.

ಮುಖ್ಯಸ್ಥೆ ನಕ್ಕಳು. "ಸಾರ್, ಮೊದಲಿನ ಪೋಸ್ಟರ್ ನೋಡಿ ನೀವು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಬನ್ನಿ, ತೋರಿಸುತ್ತೇನೆ" ಎಂದು ಅವರನ್ನು ಒಳಗೆ ಕರೆದುಕೊಂಡು ಹೋದಳು. ಹಿರಿಯರು ಹೊರಗೆ ಬಂದಾಗ ಚಿತ್ರಗಳನ್ನು ವಾಪಸು ಕಳಿಸುವ ಮಾತಾಡಲಿಲ್ಲ. ಮಾರನೆಯ ದಿನ ತಮ್ಮ ಮನೆಯವರನ್ನೆಲ್ಲ ಕರೆತಂದರು.

ಎರಡನೆಯ ಪೋಸ್ಟರನ್ನು ಊರಿನಲ್ಲಿ ಅಂಟಿಸಿದರು. ಅದನ್ನು ಯಾರೂ ಬಿಡಿಸಿಕೊಂಡು ಹೋಗಲಿಲ್ಲ. ಚೆಂದವಿದೆ ಎಂದು ಯಾರೂ ಅನ್ನಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಾಯುವವರು ಅದನ್ನು ನೋಡುತ್ತಿದ್ದರು. ಆ ಮುಖ ತಿರುಗಿದ ಕಡೆಗೆ ಅವರ ತಲೆಯೂ ಸ್ವಲ್ಪ ತಿರುಗುತ್ತಿತ್ತು. ಅಲ್ಲಿ ಬರೀ ಗೋಡೆ. ಆಮೇಲೆ ಕೆಳಗಿನ ಅಕ್ಷರಗಳನ್ನು ಓದುತ್ತಿದ್ದರು. ಕಲಾಭವನ ಎಲ್ಲಿದೆ ಎಂದು ಪಕ್ಕದವರನ್ನು ಕೇಳುತ್ತಿದ್ದರು.

ಮೊದಲು ಒಬ್ಬೊಬ್ಬರಾಗಿ ಬಂದರು. ಬಂದವರು ಮನೆಗೆ ಹೋಗಿ ಹೇಳಿದರು. ಆಮೇಲೆ ಜನ ಜನರನ್ನು ಕರೆತಂದರು. ಗಾಯಕನನ್ನು ನೋಡಲು ಬಂದವರು ರೆಕ್ಕೆಯ ಕುದುರೆಯ ಮುಂದೆಯೂ ನಿಂತರು, ಸಮುದ್ರದ ದೇವರ ಮುಂದೆಯೂ ನಿಂತರು. ನಮ್ಮ ವರುಣನ ಹಾಗೆ ಎಂದು ಒಬ್ಬ ತಾಯಿ ಮಗಳಿಗೆ ಹೇಳುತ್ತಿದ್ದಳು. ಕಾವಲುಗಾರನಿಗೆ ಕೂರಲು ಪುರುಸೊತ್ತಿರಲಿಲ್ಲ.

ಒಂದು ದಿನ ಪೋಸ್ಟರ್‌ಗಾರ ಜನರ ನಡುವೆ ಗೋಡೆಗೆ ಒರಗಿ ನಿಂತಿದ್ದ. ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡಿದ್ದ ಒಬ್ಬ ದರ್ಜಿ ಅವನ ಹತ್ತಿರ ಬಂದ. ಅಂಗಡಿಯಿಂದ ಹಾಗೇ ಎದ್ದು ಬಂದವನಂತಿದ್ದ. ಇಬ್ಬರಿಗೂ ಗುರುತಿರಲಿಲ್ಲ.

"ಸ್ವಾಮಿ, ಅದನ್ನು ನೋಡಿದಿರಾ?" ಎಂದು ದರ್ಜಿ ಗಾಯಕನ ಚಿತ್ರದ ಕಡೆ ಕೈ ಮಾಡಿದ.

ಪೋಸ್ಟರ್‌ಗಾರ ತಾನು ಯಾರೆಂದು ಹೇಳಲು ಬಾಯಿ ತೆರೆದ. ಆಮೇಲೆ ಹೇಳಲಿಲ್ಲ. "ತೋರಿಸಿ" ಎಂದ.

ದರ್ಜಿ ಅವನ ಕೈ ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ಕರೆದೊಯ್ದ. "ಇಲ್ಲಿ ನಿಲ್ಲಿ. ಅಲ್ಲಿಂದ ಅವಳ ಮುಖ ಸರಿಯಾಗಿ ಕಾಣುವುದಿಲ್ಲ" ಎಂದ. ಕತೆಯನ್ನು ಮೊದಲಿನಿಂದ ಹೇಳಿದ. ಅಲ್ಲಲ್ಲಿ ತಪ್ಪು ಹೇಳಿದ. ಪೋಸ್ಟರ್‌ಗಾರ ತಿದ್ದಲಿಲ್ಲ.

"ಎಲ್ಲರೂ ಇವನಿಗೆ ಬೈಯುತ್ತಾರೆ ಸ್ವಾಮಿ. ಇನ್ನೊಂದು ಚೂರು ತಡೆದುಕೊಳ್ಳಬಾರದಿತ್ತೇ ಅಂತ. ನಮ್ಮ ಮನೆಯವಳು ಹೋಗಿ ವರ್ಷವಾಯಿತು. ನಾನಾಗಿದ್ದರೂ ತಿರುಗುತ್ತಿದ್ದೆ." ದರ್ಜಿಯ ದನಿ ತಗ್ಗಿತು. "ಅವಳನ್ನು ನೋಡಿ. ಸಿಟ್ಟಿದೆಯೇ?"

"ಇಲ್ಲ."

"ಇಲ್ಲ, ಅಲ್ಲವೇ? ನನಗೂ ಹಾಗೇ ಕಂಡಿತು. ಸರಿ ಇದೆಯೋ ಇಲ್ಲವೋ ಅಂತ ಯಾರನ್ನಾದರೂ ಕೇಳೋಣ ಅನ್ನಿಸಿತು."

ಇಬ್ಬರೂ ನಿಂತು ನೋಡಿದರು. ಆಮೇಲೆ ಪೋಸ್ಟರ್‌ಗಾರನಿಗೆ ತಡೆಯಲಾಗಲಿಲ್ಲ.

"ಇಲ್ಲಿ ಇಂಥ ಚಿತ್ರ ಇದೆಯೆಂದು ನಿಮಗೆ ಯಾರು ಹೇಳಿದರು?"

ದರ್ಜಿ ಯೋಚಿಸಿದ. "ಯಾರೂ ಹೇಳಿದ ನೆನಪಿಲ್ಲ. ದಾರಿಯಲ್ಲಿ ಏನೋ ಅಂಟಿಸಿದ್ದರು ಅಂತ ಕಾಣುತ್ತದೆ. ಅದೇನೋ ಈಗ ಮರೆತುಹೋಯಿತು" ಎಂದು ಹೇಳಿ ಮತ್ತೆ ಚಿತ್ರದ ಕಡೆ ತಿರುಗಿದ.

ಆ ಪೋಸ್ಟರ್‌ಗಾರ ಆ ಊರಿನಲ್ಲಿ ಬಹಳ ಹೊಗಳಿಕೆ ಕೇಳಿದವನು. ಆದರೆ ಅಷ್ಟು ದೊಡ್ಡ ಹೊಗಳಿಕೆಯನ್ನು ಅವನು ಅದುವರೆಗೆ ಕೇಳಿರಲಿಲ್ಲ. ಅವನೂ ಚಿತ್ರದ ಕಡೆ ತಿರುಗಿದ. ಬಾಗಿಲು ಹಾಕುವ ತನಕ ದರ್ಜಿಯ ಪಕ್ಕದಲ್ಲೇ ನಿಂತ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಇಂದುಧರ ಮುಂದಕ್ಕೆ ಬಾಗಿ ಕುಳಿತಿದ್ದ. ಅವನ ಕಣ್ಣು ತೇವವಾಗಿತ್ತು. "ಗುರುಗಳೇ, ಆ ಚಿತ್ರ ಈಗ ಎಲ್ಲಿದೆ? ಎಷ್ಟೇ ದೂರವಿರಲಿ, ನಾನು ಹೋಗಿ ನೋಡಬೇಕು. ಅದನ್ನು ಬರೆದ ಪುಣ್ಯಾತ್ಮ ಯಾರು?"

ಗುರುಗಳು ನಕ್ಕರು.

"ಪೋಸ್ಟರ್ ಮಾಡಿದವನು ಯಾರೆಂದು ನೀನೂ ಕೇಳಲಿಲ್ಲ ನೋಡು."