ಗೌಡ ಎದ್ದ ಗಡ್ಡೆ

ತುಂಗಭದ್ರೆಯ ನಡುವೆ, ಹೊಳೆಮಾದಾಪುರದ ಎದುರಿಗೆ, ಒಂದು ಸಣ್ಣ ನಡುಗಡ್ಡೆಯಿದೆ. ಹರಿಗೋಲಿನಲ್ಲಿ ಹೋಗಬೇಕು. ಇಳಿದರೆ ಮೊದಲು ಕಾಣುವುದು ಹಳೆಯ ಹೊಳೆಮತ್ತಿಯ ಮರ, ಅದರ ನೆರಳಿನಲ್ಲಿ ಸಾಲಾಗಿ ಏಳು ಕಲ್ಲುಹಾಸು, ಹಿಂದೆ ಎದೆಯೆತ್ತರದಲ್ಲಿ ಅಟ್ಟದಂತೆ ಚಾಚಿದ ಬಂಡೆ. ಯಾವುದೋ ದಂಡು ತಂಗಿದ್ದ ಜಾಗವಿದು ಎಂದು ಪೇಟೆಯಿಂದ ಬಂದವರು ಹೇಳುವುದುಂಟು. ಅಲ್ಲ. ಇದು ನಮ್ಮೂರಿನ ಸತ್ತವರು ಮಲಗುತ್ತಿದ್ದ ಜಾಗ. ಹೆಸರು ಗೌಡ ಎದ್ದ ಗಡ್ಡೆ.

ಹಿಂದೆ ಒಮ್ಮೆ ಈ ಊರಿನಲ್ಲಿ ಹೆಣವನ್ನು ಹೂಳುತ್ತಲೂ ಇರಲಿಲ್ಲ, ಸುಡುತ್ತಲೂ ಇರಲಿಲ್ಲ ಎನ್ನುತ್ತಾರೆ. ಗಡ್ಡೆಗೆ ಒಯ್ದು ಹಾಸಿನ ಮೇಲೆ ಮಲಗಿಸಿ, ಹದ್ದು ನರಿ ಮುಟ್ಟದಂತೆ ಬಿದಿರಿನ ಪಂಜರ ಮುಚ್ಚಿ, ಗಾಳಿ ಬಿಸಿಲಿಗೆ ಬಿಟ್ಟು ಬರುತ್ತಿದ್ದರು. ಹಾಸು ಏಳೇ. ಎಂಟನೆಯವರು ಬಂದಾಗ, ಎಲ್ಲರಿಗಿಂತ ಮೊದಲು ಮಲಗಿದವರ ಎಲುಬನ್ನು ಆರಿಸಿ ಅಟ್ಟದ ಮೇಲಿಟ್ಟು ಜಾಗ ಬಿಡಿಸುತ್ತಿದ್ದರು. ಅದಕ್ಕೆ ಎಬ್ಬಿಸುವುದು ಎಂದು ಹೆಸರು. ಎಬ್ಬಿಸುವ ಕೆಲಸ ಮನೆಯ ಮಗನದು, ಮಗನಿಲ್ಲದಿದ್ದರೆ ಮಗಳದು. ಅಟ್ಟ ಸೇರಿದ ಮೇಲೆ ಯಾರ ಎಲುಬು ಯಾವುದೆಂದು ಗುರುತಿಡುತ್ತಿರಲಿಲ್ಲ.

ಪಂಜರಗಳನ್ನೂ ಊರಿಗಿದ್ದ ಒಂದೇ ಹರಿಗೋಲನ್ನೂ ಹೆಣೆಯುತ್ತಿದ್ದವಳು ಮೇದರ ಹುಲಿಗೆವ್ವ. ಅವಳ ತಾಯಿ ತೀರಿಕೊಂಡಾಗ ಪಾಳಿಯಂತೆ ಏಳಬೇಕಾದವನು ಹಿಂದಿನ ಗೌಡ ದ್ಯಾವನಗೌಡ. ಅವನ ಮಗ ಭರಮಗೌಡ ಒಪ್ಪಲಿಲ್ಲ. "ಮೇದರ ಮುದುಕಿ ಬಂದಳಂತ ನಮ್ಮಪ್ಪ ಏಳಬೇಕೇನು? ಮಗ್ಗಲದಾಗ ಎಂಟನೇ ಹಾಸು ಮಾಡ್ಕೊ" ಎಂದ. "ಎಂಟನೇದು ಮಾಡಿದ್ರ ಅದು ಬಡವರ ಹಾಸಾಗಿ ಉಳೀತದ ಗೌಡ್ರ. ನಮ್ಮವ್ವಗ ಏಳರಾಗ ಪಾಳಿ ಬಂದದ, ಏಳರಾಗ ಮಲಗ್ತಾಳ" ಎಂದಳು ಹುಲಿಗೆವ್ವ. ಹಾಗೆಂದವಳೇ ತಾಯಿಯನ್ನು ದಡದ ಬಂಡೆಯ ಮೇಲೆ ಮಲಗಿಸಿ, ಹರಿಗೋಲನ್ನು ಅವಳ ಮೇಲೆ ಬೋರಲು ಹಾಕಿ, ಒರಗಿ ಕುಳಿತಳು. ಹೆಣಕ್ಕೆ ಮುಚ್ಚಿದ್ದನ್ನು ಮನೆಯವರಲ್ಲದೆ ಯಾರೂ ಮುಟ್ಟುವಂತಿರಲಿಲ್ಲ. ಊರೇ ಈಚೆ ದಡದಲ್ಲಿ ಸಿಕ್ಕಿಕೊಂಡಿತು. ಆಚೆ ದಡದ ಹೊಲಗಳಲ್ಲಿ ಬಿತ್ತನೆಯ ಹದ ಆರತೊಡಗಿತು.

ಎರಡನೆಯ ದಿನ ಗೌಡನ ತಾಯಿ ಬಾಳವ್ವ ಕೋಲೂರಿಕೊಂಡು ದಡಕ್ಕೆ ಬಂದು, ಎಲ್ಲರೆದುರಿಗೇ ಮಗನಿಗೆ ಹೇಳಿದಳಂತೆ: "ಲೇ ಭರಮಾ, ನಿಮ್ಮಪ್ಪ ಬದುಕಿದ್ದಾಗ ಬಿಸಿಲು ಬೆನ್ನು ಸುಟ್ಟರೂ ಹಾಸಿಗೆ ಬಿಡತಿರಲಿಲ್ಲ. ನಲವತ್ತು ವರ್ಷ ದಿನಾ ನಾನು ಎಬ್ಬಿಸೀನಿ. ಒಂದೇ ಒಂದು ಸಲ ಎಬ್ಬಿಸಾಕ ನಿನಗ ಇಷ್ಟು ಕಷ್ಟೇನೋ? ಹಿಂಗ ಯಾರೂ ಏಳದಿದ್ರ, ನಾಳೆ ನಾ ಹೋದಾಗ ನನಗ ಯಾರು ಏಳತಾರ?" ದಡದಲ್ಲಿದ್ದವರೆಲ್ಲ ನಕ್ಕರು. ಗೌಡನಿಗೂ ನಗು ತಡೆಯಲಿಲ್ಲ. ಹುಲಿಗೆವ್ವ ಹರಿಗೋಲನ್ನು ತಿರುಗಿಸಿ ನೀರಿಗಿಳಿಸಿದಳು. ಗಡ್ಡೆ ಮುಟ್ಟಿದ ಮೇಲೆ ಭರಮಗೌಡ ಪಂಜರ ಸರಿಸಿ, "ಏಳಪ್ಪಾ, ಹೊತ್ತಾತು" ಎನ್ನುತ್ತ ತಂದೆಯ ಎಲುಬುಗಳನ್ನು ತನ್ನ ಕೈಯಾರೆ ಅಟ್ಟಕ್ಕಿಟ್ಟ. ಮೇದರ ಮುದುಕಿ ಆ ಹಾಸಿನಲ್ಲಿ ಮಲಗಿದಳು. ಮುಂದೆ ಪಾಳಿ ಸುತ್ತಿ ಬಂದು, ಬಾಳವ್ವ ತೀರಿಕೊಂಡಾಗ ಅವಳಿಗೆ ಜಾಗ ಬಿಟ್ಟು ಎದ್ದವಳು ಅದೇ ಮುದುಕಿ. ಎಬ್ಬಿಸಿದವಳು ಮಗಳು ಹುಲಿಗೆವ್ವ ಎನ್ನುತ್ತಾರೆ.

ಈಗ ಗಡ್ಡೆಯಲ್ಲಿ ಯಾರನ್ನೂ ಮಲಗಿಸುವುದಿಲ್ಲ. ಏಳೂ ಹಾಸುಗಳನ್ನು ನಾನೇ ಮೊಳ ಹಾಕಿ ಅಳೆದಿದ್ದೇನೆ. ಒಂದೂ ಇನ್ನೊಂದಕ್ಕಿಂತ ಉದ್ದವಿಲ್ಲ. ಎಂಟನೆಯದನ್ನು ಹುಡುಕುವವರು ಹುಡುಕಲಿ, ಸಿಗುವುದಿಲ್ಲ. ಅಟ್ಟದ ಮೇಲಿನ ಎಲುಬುಗಳು ಬಿಸಿಲಿಗೆ ಬೆಳ್ಳಗಾಗಿ ಒಂದರೊಳಗೊಂದು ಸೇರಿಹೋಗಿವೆ. ಗೌಡನದು ಯಾವುದೆಂದು ಕೇಳಿದರೆ ಹರಿಗೋಲಿನವರು ನಗುತ್ತಾರೆ. ಆದರೆ ಬೆಳಿಗ್ಗೆ ಮೊದಲ ಸಲ ಗಡ್ಡೆಯ ಪಕ್ಕದಲ್ಲಿ ಹಾಯುವಾಗ ಹುಟ್ಟುಗೋಲಿನಿಂದ ಹರಿಗೋಲಿನ ಅಂಚಿಗೆ ತಟ್ಟಿ ಅವರು ಇಂದಿಗೂ ಕೂಗುತ್ತಾರೆ: "ಏಳಪ್ಪಾ, ಹೊತ್ತಾತು!"